ಬಾಡಿಗೆಯ ಸೌಧಗಳು

ತಾನು ವಾಸಿಸುವುದಕ್ಕಾಗಿ ಮನೆ ಕಟ್ಟುವುದು ಪುರಾತನ ಪದ್ಧತಿ. ಅನ್ಯರು ವ್ಯವಹಾರ ನಡೆಸಲೆಂದು ಮಹಾಸೌಧವನ್ನೆಬ್ಬಿಸಿ, ಅದರ ಕೋಣೆಗಳನ್ನು ಬಾಡಿಗೆಗೆ ಹಂಚುವ ಪದ್ಧತಿಯು ನಗರಗಳು ಬೆಳೆದಂತೆ ಪ್ರಬಲವಾದುದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಕಾರ್ಯಾರ್ಥವಾಗಿ ಮೈಸೂರಿಗೆ ಹೋಗುವವರು ಕಾಣುವ ಲ್ಯಾನ್ಸ್‌ಡೌನ್ ಕಟ್ಟಡದ ಚರಿತ್ರೆಯು ಈ ಪದ್ಧತಿಯ ಗುಣದೋಷಗಳೆರಡನ್ನೂ ತೋರಿಸುವುದು.

ಹಿಂದೆ ಬಾಡಿಗೆಯ ಸೌಧಗಳು ಬಹಳ ಎತ್ತರವಾಗಿರಲಿಲ್ಲ. ಮೆಟ್ಟಿಲು ಹತ್ತುವ ಶ್ರಮದಿಂದ ಮೇಲಂತಸ್ತುಗಳಿಗೆ ಬೆಲೆ ಕಡಮೆಯಾಗಿತ್ತು. 1857ರಲ್ಲಿ ನ್ಯೂಯಾರ್ಕ್ ನಗರದ ಅಂಗಡಿಯೊಂದರಲ್ಲಿ ಓಟಿಸನ ಲಿಫ್ಟು ಜನರನ್ನೇರಿಸತೊಡಗಿತು. 1885ರಲ್ಲಿ ಷಿಕಾಗೋ ನಗರದಲ್ಲಿ ಲೋಹದ ಚೌಕಟ್ಟಿನ ಹತ್ತು ಅಂತಸ್ತುಗಳ ಹೋಮ್ ಇನ್ಷೂರೆನ್ಸ್ ಕಟ್ಟಡವು ಮುಗಿಯಿತು. ಅಂದಿನಿಂದ ಗಾಳಿಬೆಳಕುಗಳಿರುವ ಮೇಲಿನ ಕೋಣೆಗಳಿಗೇ ಹೆಚ್ಚು ಬಾಡಿಗೆ ಬರುವಂತಾಯಿತು. ಬೆಂಗಳೂರಿನ ನಗರಪಾಲಿಕೆಯು ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಟ್ಟಿಸಿದ, 1973ರಲ್ಲಿ ಪೂರ್ಣವಾದ, ಇಪ್ಪತ್ತೈದು ಅಂತಸ್ತುಗಳ ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗು ಕನ್ನಡನಾಡಿನಲ್ಲಿ ಇದೇ ವಂಶಕ್ಕೆ ಸೇರಿದ್ದು. ಅಂಗಡಿಗಳೂ ಕಚೇರಿಗಳೂ ಅದರಲ್ಲಿ ನೆಲೆಸಿದುವು.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡಕ್ಕೆ ಎರಡೇ ಅಂತಸ್ತು. ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಅವರು 1892ರಲ್ಲಿ ಮೈಸೂರಿಗೆ ಬಂದುದರ ಸ್ಮಾರಕವಾಗಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಇದು ನಿರ್ಮಿತವಾಯಿತು. ಕಾಲಕ್ರಮದಲ್ಲಿ ಇದರ ಒಡೆತನ ನಗರಪಾಲಿಕೆಯದಾಯಿತು. ಪುಸ್ತಕದ ಅಂಗಡಿಗಳೇ ಮೊದಲಾದ ಮಳಿಗೆಗಳು ಬಾಡಿಗೆಗೆ ನಡೆದುವು. ಪಠ್ಯಪುಸ್ತಕಗಳಿಗಾಗಿ ಇದರ ಕಮಾನುಗಳ ಕೆಳಗೆ ಅಲೆದ ವಿದ್ಯಾರ್ಥಿಗಳು ಎಷ್ಟೋ ಮಂದಿ.

ಒಡೆಯನಿಗೂ ಬಾಡಿಗೆದಾರನಿಗೂ ಇರಬೇಕಾದ ಧರ್ಮವನ್ನು ನಮ್ಮ ಪೂರ್ವಿಕರು ವಿಚಾರಿಸದೆ ಬಿಟ್ಟಿರಲಿಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಾಡಿಗೆಗೆ ‘ಅವಕ್ರಯ’ವೆಂದು ಹೆಸರು. ಬಿಡೆಂದರೂ ಬಿಡದೆ ವಾಸಿಸುವವನಿಗೆ ಹನ್ನೆರಡು ಪಣ ದಂಡ. ಬಾಡಿಗೆ ತೆತ್ತವನನ್ನು ಹೊರಹಾಕುವ ಒಡೆಯನಿಗೂ ಅಷ್ಟೇ ದಂಡ. ಪಾರುಷ್ಯ, ಕಳವು, ಸಾಹಸ, ಮಿಥ್ಯಾಭೋಗ ಮುಂತಾದ ದೋಷಗಳಿದ್ದರೆ ಮಾತ್ರ ಹೊರಹಾಕಬಹುದು. ತಾನಾಗಿಯೇ ಬಿಟ್ಟುಹೋಗುವವನು ಆ ವರ್ಷದ ಉಳಿದ ಬಾಡಿಗೆಯನ್ನು ಕೊಡತಕ್ಕದ್ದು. ತಕ್ಕಡಿಯ ಎರಡು ತಟ್ಟೆಗಳೂ ಇಲ್ಲಿ ಸಮವಾಗಿರುವುವು.

1882ರ ಸ್ವತ್ತು ವರ್ಗಾವಣೆಯ ಶಾಸನವು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯು ನೋಂದಣಿಯಾದ ಪತ್ರದಿಂದಲೇ ಆಗಬೇಕು. ಒಡೆಯನು ತಾನು ಮಾಡಬೇಕಾದ ದುರಸ್ತಿಯನ್ನು, ತಿಳಿವಳಿಕೆ ಕೊಟ್ಟ ಬಳಿಕವೂ ಯುಕ್ತಕಾಲದಲ್ಲಿ ಮಾಡದಿದ್ದರೆ, ಗುತ್ತಿಗೆದಾರನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ನೂರಾರು ಮಳಿಗೆಗಳು ಒಂದೇ ಸೂರನ್ನು ಹಂಚಿಕೊಂಡಿರುವಾಗ ಒಬ್ಬನು ತನ್ನ ಗೋಡೆಗೆ ಸುಣ್ಣ ಬಳಿಯಬಲ್ಲನಲ್ಲದೆ, ಎಲ್ಲರ ತಲೆಯ ಮೇಲಿನ ತೊಲೆಯನ್ನು ಬದಲಿಸಲಾರನು.

2012ನೆಯ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಮೃತರಾದರು. ಬಳಿಕ ಮಳಿಗೆಗಳನ್ನು ತೆರವು ಮಾಡಿಸಲಾಯಿತು. 2016ರ ಆಗಸ್ಟ್ ತಿಂಗಳಿನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಭಾಗವೊಂದೂ ಬಿದ್ದಿತು. ದುರಸ್ತಿಮಾಡಿ ಉಳಿಸುವುದೋ, ಕೆಡಹಿ ಕಟ್ಟುವುದೋ ಎಂಬ ವಿವಾದವು ಉಚ್ಚನ್ಯಾಯಾಲಯವನ್ನು ಮುಟ್ಟಿತು. ಉಳಿಸಬೇಕೆನ್ನುವವರು ಪರಂಪರೆಯನ್ನೂ, ಕೆಡಹಬೇಕೆನ್ನುವವರು ಪ್ರಾಣರಕ್ಷಣೆಯನ್ನೂ ಮುಂದಿಟ್ಟರು. ಎರಡೂ ಅಲ್ಲಗಳೆಯಲಾಗದ ಮಾತುಗಳೇ.

ಬಾಡಿಗೆಯೆಂಬುದು ಕಟ್ಟಡದ ಫಲ. ಮರಕ್ಕೆ ನೀರೆರೆಯದೆ ಫಲವನ್ನು ಮಾತ್ರ ಕೊಯ್ಯುತ್ತಿದ್ದರೆ ಬೇರು ಒಣಗುವುದು. ಎರಡಂತಸ್ತಿನ ಸೌಧವಾಗಲಿ, ಇಪ್ಪತ್ತೈದಂತಸ್ತಿನದಾಗಲಿ, ಬಂದ ಬಾಡಿಗೆಯಲ್ಲೊಂದು ಪಾಲು ಅದರ ರಕ್ಷಣೆಗೇ ಮೀಸಲಾಗಬೇಕೆಂಬ ನಿಯಮವು ಕರಾರಿನ ಮೊದಲ ಸಾಲಿನಲ್ಲಿರುವುದು ಯುಕ್ತ. ಕೌಟಿಲ್ಯನು ದಂಡವನ್ನು ಪಣಗಳಲ್ಲಿ ಎಣಿಸಿದನು. ಅಲಕ್ಷ್ಯದ ದಂಡವನ್ನಾದರೋ ಮೈಸೂರು ನಾಲ್ಕು ಪ್ರಾಣಗಳಿಂದ ತೆತ್ತಿತು.