ಕಾಲ್ಡ್‌ವೆಲ್ ಪಾದ್ರಿ ಕಲಿತ ತಮಿಳು

ಚೆನ್ನೈಗೆ ಬಂದ ಹೊಸದರಲ್ಲಿ ಅಂಗಡಿಗಳಲ್ಲಿ ನನ್ನದು ಬೆರಳು ತೋರಿಸಿಯೇ ವ್ಯಾಪಾರ. ಮರೀನಾದಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲರ ಪ್ರತಿಮೆ ಕಂಡದ್ದು ಆಗಲೇ. 1838ರ ಜನವರಿಯಲ್ಲಿ ಈ ಪಾದ್ರಿ ಮದರಾಸಿಗೆ ಬಂದಿಳಿದಾಗ ವಯಸ್ಸು ಬರೀ 23. ಬೋಧನೆಗೆಂದು ಬಂದವರು ಮೊದಲು ತಾವೇ ತಮಿಳು ಕಲಿಯಲು ಕೂತರು. ಮೂರು ವರ್ಷ ಕಳೆದು, 1841ರಲ್ಲಿ ತಿರುನೆಲ್ವೇಲಿ ಸೀಮೆಗೆ ಹೊರಟರು. ಹೇಗೆ ಅಂತೀರಿ? ನಡೆದುಕೊಂಡು! ಪಲ್ಲಕ್ಕಿಯಲ್ಲಿ ಕೂತರೆ ಜನರ ಮಾತು ಕಿವಿಗೆ ಬಿದ್ದೀತೆ?

ಅಲ್ಲಿನ ಶಾಣಾರರ ನಡುವೆಯೇ ಬದುಕಿದರೂ, 1849ರಲ್ಲಿ ಅವರನ್ನು ಹೀನಾಯವಾಗಿ ಬರೆದು ಅವರ ಸಿಟ್ಟಿಗೂ ಗುರಿಯಾದರು. ಅದು ತಪ್ಪೇ. ಆದರೆ 1856ರ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ನನಗೆ ದಾರಿ ತೋರಿಸಿತು. ನಮ್ಮ ಹೂವೇ ಇಲ್ಲಿ ಪೂ, ನಮ್ಮ ಹಲ್ಲೇ ಪಲ್.

ಮರುದಿನ ಅಂಗಡಿಯಲ್ಲಿ ಬೆರಳೆತ್ತದೆ, ಹೆದರುತ್ತಲೇ 'ಪಾಲ್' ಅಂದೆ. ಹಾಲು ಸಿಕ್ಕಿತು.