ಒಂದು ಪರದೆ, ಹಲವು ಯಂತ್ರಗಳು

ನಾನು ಗಣಿತ ಬೋಧಿಸುತ್ತಿದ್ದ ಪ್ರೌಢಶಾಲೆಯಲ್ಲಿ ಸಹೋದ್ಯೋಗಿಗಳು ಯಾರಾದರೂ ರಜೆ ಹಾಕಿದ ದಿನ ಎರಡು ತರಗತಿಗಳನ್ನು ಒಬ್ಬನೇ ನೋಡಿಕೊಳ್ಳಬೇಕಾಗುತ್ತಿತ್ತು. ನಡುಬಾಗಿಲಿನಲ್ಲಿ ನಿಂತರೆ ಎರಡೂ ಕಡೆ ಕಣ್ಣಿಡಬಹುದಿತ್ತು. ಒಮ್ಮೆ ಒಂಬತ್ತನೆಯ ತರಗತಿಯ ಲೆಕ್ಕವನ್ನು ಎಂಟನೆಯ ತರಗತಿಯ ಕರಿಹಲಗೆಯ ಮೇಲೆ ಬರೆದುಬಿಟ್ಟೆ. ಮಕ್ಕಳು ಮರುಮಾತಿಲ್ಲದೆ ಬರೆದುಕೊಂಡರು.

ಈ ಪ್ರಸಂಗ ಮತ್ತೆ ನೆನಪಾದದ್ದು 2020ರಲ್ಲಿ, ಕಂಪ್ಯೂಟರ್ ವ್ಯವಸ್ಥೆಗಳನ್ನು ನಿರ್ವಹಿಸುವ ನನ್ನ ಮಗ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ. ಅವನ ಪರದೆಯ ಮೇಲೆ ಆರು ಕಿಟಕಿಗಳಿದ್ದವು. ಎಲ್ಲದರಲ್ಲಿಯೂ ಬರಿಯ ಅಕ್ಷರಗಳು. “ಇವು ಆರು ಬೇರೆ ಬೇರೆ ಯಂತ್ರಗಳು ಅಪ್ಪಾ, ಒಂದೂ ಈ ಊರಲ್ಲಿಲ್ಲ” ಎಂದ. ಈ ಸೌಲಭ್ಯ ಹೇಗೆ ಬಂತೆಂದು ತಿಳಿಯುವ ಕುತೂಹಲದಿಂದ ಓದತೊಡಗಿದೆ. ಓದಿದ್ದರ ಸಾರವನ್ನು ಓದುಗ ಮಿತ್ರರ ಮುಂದಿಡುತ್ತಿದ್ದೇನೆ.

ಆಜ್ಞೆಯನ್ನು ಅಕ್ಷರಗಳಲ್ಲಿ ಬರೆದು ಕಂಪ್ಯೂಟರಿನಿಂದ ಕೆಲಸ ಮಾಡಿಸುವುದು ಹಳೆಯ ಪದ್ಧತಿ. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪೆನಿ ಹೊರತಂದ ವಿಟಿ100 ಎಂಬ ಟರ್ಮಿನಲ್ಲಿನಲ್ಲಿ ಸಾಲಿಗೆ 80 ಅಕ್ಷರಗಳಂತೆ 24 ಸಾಲುಗಳು ಕಾಣುತ್ತಿದ್ದವು. ಅಂಥ ಪರದೆ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಸಂಭಾಷಣೆಗೆ ಮೀಸಲು. ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕಾದರೆ ಎರಡು ಟರ್ಮಿನಲ್‌ಗಳು ಬೇಕು.

ಈ ಕಟ್ಟನ್ನು ಸಡಿಲಿಸಿದವರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಾಬ್ ಪೈಕ್ ಮತ್ತು ಬಾರ್ಟ್ ಲೊಕಾಂತಿ ಪ್ರಮುಖರು. 1982ರಲ್ಲಿ ಅವರು ರೂಪಿಸಿದ ‘ಬ್ಲಿಟ್’ ಟರ್ಮಿನಲ್ಲಿನ ಪರದೆಯನ್ನು ಮೌಸ್ ಹಿಡಿದು ಹಲವು ಕಿಟಕಿಗಳಾಗಿ ವಿಂಗಡಿಸಬಹುದಿತ್ತು. ಒಂದೊಂದು ಕಿಟಕಿಯಲ್ಲಿಯೂ ಯುನಿಕ್ಸ್ ವ್ಯವಸ್ಥೆಯೊಡನೆ ಪ್ರತ್ಯೇಕ ಸಂಭಾಷಣೆ ನಡೆಯುತ್ತಿತ್ತು.

ಮುಂದಿನ ಹೆಜ್ಜೆ ಇಟ್ಟದ್ದು ಎಂಐಟಿ ವಿದ್ಯಾಸಂಸ್ಥೆ. ಅಲ್ಲಿ 1983ರಲ್ಲಿ ವಿದ್ಯಾರ್ಥಿಗಳಿಗಾಗಿ ‘ಅಥೀನಾ’ ಯೋಜನೆ ಆರಂಭವಾಯಿತು. ಡಿಜಿಟಲ್ ಮತ್ತು ಐಬಿಎಂ ಕಂಪೆನಿಗಳೆರಡೂ ನೆರವು ನೀಡಿದ್ದರಿಂದ ಯಂತ್ರಗಳು ಒಂದೇ ಬಗೆಯವಾಗಿರಲಿಲ್ಲ. ಎಲ್ಲಕ್ಕೂ ಒಪ್ಪುವ ಕಿಟಕಿ ವ್ಯವಸ್ಥೆ ಬೇಕಾಗಿತ್ತು. ಅದೇ ಸಂಸ್ಥೆಯ ಬಾಬ್ ಶೈಫ್ಲರ್ ಅವರಿಗೆ, ಹಲವು ಯಂತ್ರಗಳಲ್ಲಿ ಹಂಚಿಹೋಗಿ ನಡೆಯುವ ‘ಆರ್ಗಸ್’ ವ್ಯವಸ್ಥೆಯ ದೋಷಗಳನ್ನು ಒಂದೇ ಪರದೆಯಲ್ಲಿ ನೋಡಿ ಸರಿಪಡಿಸುವ ಅಗತ್ಯವಿತ್ತು. ಅವರು ಸ್ಟ್ಯಾನ್‌ಫರ್ಡ್‌ನಿಂದ ಬಂದ ‘ಡಬ್ಲ್ಯೂ’ ಎಂಬ ವ್ಯವಸ್ಥೆಯನ್ನು ಮಾರ್ಪಡಿಸಿ, ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರವನ್ನೇ ಹೆಸರಾಗಿಟ್ಟು 1984ರ ಜೂನಿನಲ್ಲಿ ‘ಎಕ್ಸ್’ ಅನ್ನು ಪ್ರಕಟಿಸಿದರು. ಅಥೀನಾದ ಜಿಮ್ ಗೆಟ್ಟಿಸ್ ಅದನ್ನು ಅವರೊಡನೆ ಬೆಳೆಸಿದರು. 1987ರಲ್ಲಿ ಅದರ ಹನ್ನೊಂದನೆಯ ಆವೃತ್ತಿ ಬಂತು.

ಎಕ್ಸ್‌ನ ಹೆಚ್ಚುಗಾರಿಕೆ ಒಂದು ತಿರುವುಮುರುವಿನಲ್ಲಿದೆ. ದೂರದ ದೊಡ್ಡ ಯಂತ್ರವೇ ಸರ್ವರ್ ಎಂದು ನಾವೆಲ್ಲ ತಿಳಿದಿರುತ್ತೇವೆ. ಎಕ್ಸ್‌ನಲ್ಲಿ ಸರ್ವರ್ ಇರುವುದು ನಮ್ಮ ಮೇಜಿನ ಮೇಲೆ! ಪರದೆ, ಕೀಲಿಮಣೆ, ಮೌಸ್‌ಗಳ ಸೇವೆಯನ್ನು ಅದು ಒದಗಿಸುತ್ತದೆ. ದೂರದ ಯಂತ್ರಗಳಲ್ಲಿ ನಡೆಯುವ ಕಾರ್ಯಕ್ರಮಗಳು ಆ ಸೇವೆಯನ್ನು ಕೋರುವ ಗ್ರಾಹಕರು. ಆದುದರಿಂದ ಬೇರೆ ಬೇರೆ ಕಂಪೆನಿಗಳ ಯಂತ್ರಗಳು ಒಂದೇ ಪರದೆಯ ಮೇಲೆ ಕಿಟಕಿ ತೆರೆಯಬಹುದು. ‘ಎಕ್ಸ್‌ಟರ್ಮ್’ ಎಂಬ ಕಾರ್ಯಕ್ರಮ ಹಳೆಯ ಟರ್ಮಿನಲ್ಲಿನ ವೇಷ ಧರಿಸಿ ಒಂದೊಂದು ಕಿಟಕಿಯಲ್ಲಿ ಕುಳಿತಿತು.

ಒಂದು ಅಪಾಯ ಉಳಿದಿತ್ತು. ದೂರದ ಯಂತ್ರಕ್ಕೆ ಕೊಡುವ ಗುಪ್ತಪದ ಜಾಲದಲ್ಲಿ ಮುಚ್ಚುಮರೆಯಿಲ್ಲದೆ ಹರಿಯುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳ ಕಳವಾದ ಬಳಿಕ, 1995ರಲ್ಲಿ ತತು ಯ್ಲೋನೆನ್ ‘ಎಸ್‌ಎಸ್‌ಎಚ್’ ರಚಿಸಿದರು. ಅದು ಇಡೀ ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಸಾಗಿಸುತ್ತದೆ. ನನ್ನ ಮಗನ ಆರು ಕಿಟಕಿಗಳೂ ಅದರ ಮೂಲಕವೇ ತೆರೆದಿದ್ದವು.

ಪ್ರತಿಯೊಂದು ಕಿಟಕಿಗೂ ಬೇರೆ ಬಣ್ಣವೇಕೆಂದು ಕೇಳಿದೆ. ಅವನು ತುಸು ಸುಮ್ಮನಿದ್ದು, ಹಿಂದೊಮ್ಮೆ ಪರೀಕ್ಷೆಗೆಂದು ಇಟ್ಟ ಯಂತ್ರವನ್ನು ನಿಲ್ಲಿಸಲು ಹೋಗಿ, ಪಕ್ಕದ ಕಿಟಕಿಯಲ್ಲಿ ಆಜ್ಞೆ ಬರೆದು, ಜನ ಬಳಸುತ್ತಿದ್ದ ಯಂತ್ರವನ್ನೇ ನಿಲ್ಲಿಸಿದ್ದನ್ನು ಹೇಳಿದ. ಅಂದಿನಿಂದ ಎಂಟರ್ ಕೀಲಿ ಒತ್ತುವ ಮುನ್ನ ಸಾಲಿನ ಆರಂಭದಲ್ಲಿರುವ ಯಂತ್ರದ ಹೆಸರನ್ನು ಓದಿಕೊಳ್ಳುತ್ತಾನಂತೆ.

ಒಂದೇ ಕಡೆ ಕುಳಿತು ಹಲವನ್ನು ಆಳುವ ಅನುಕೂಲವನ್ನು ಈ ಮಹನೀಯರು ಕೊಟ್ಟರು. ಯಾರಿಗೆ ಹೇಳುತ್ತಿದ್ದೇವೆಂಬ ಎಚ್ಚರವನ್ನು ಮಾತ್ರ ನಾವೇ ಇಟ್ಟುಕೊಳ್ಳಬೇಕು. ಯಂತ್ರಗಳೂ ನನ್ನ ಎಂಟನೆಯ ತರಗತಿಯ ಮಕ್ಕಳಂತೆಯೇ, ಮರುಮಾತಾಡುವುದಿಲ್ಲ.