ಔಡಲೆಣ್ಣೆಯಿಂದ ನೋವಿನ ಗುಳಿಗೆಗೆ

ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳಲ್ಲಿ ಬಗ್ಗಿದವರ ಟೊಂಕ ಸಂಜೆಗೆ ಸೆಟೆದುಕೊಳ್ಳುತ್ತದೆ. ಹಿಂದೆ ಇದಕ್ಕೆ ಮದ್ದು ಹಳ್ಳದ ದಂಡೆಯಲ್ಲೇ ಇತ್ತು. ಲಕ್ಕಿ ಸೊಪ್ಪು ಕುದಿಸಿದ ನೀರು ಹಾಕುತ್ತಿದ್ದರು; ಎಕ್ಕೆಯ ಎಲೆಗೆ ಔಡಲೆಣ್ಣೆ ಸವರಿ, ಕೆಂಡಕ್ಕೆ ಹಿಡಿದು ಬಾಡಿಸಿ ಕಟ್ಟುತ್ತಿದ್ದರು. ಅದಕ್ಕೂ ಜಗ್ಗದ ನೋವಿಗೆ ಚುಟಿಗೆ, ಅಂದರೆ ಕಾಯಿಸಿದ ಕಬ್ಬಿಣದ ಸಣ್ಣ ಬರೆ. ಎತ್ತಿನ ಕಾಲು ಬಾತರೂ ಬರೆಯೇ. ಮನುಷ್ಯರಿಗೂ ದನಕ್ಕೂ ಒಂದೇ ಮದ್ದು ಎಂಬ ರೂಢಿ ಸೂಜಿಯ ಕಾಲಕ್ಕೂ ದಾಟಿತು.

ಜರ್ಮನಿಯ ಬಾಯರ್ ಕಂಪನಿ ಆಸ್ಪಿರಿನ್ನನ್ನು ಮಾರುಕಟ್ಟೆಗೆ ತಂದದ್ದು 1899ರಲ್ಲಿ. ನಮ್ಮ 1945ರ ಔಷಧ ನಿಯಮಗಳ ‘ಕೆ’ ಅನುಬಂಧ ಸಾವಿರ ಜನರೊಳಗಿನ ಹಳ್ಳಿಗಳಲ್ಲಿ ಲೈಸೆನ್ಸ್ ಇಲ್ಲದೆ ಮಾರಬಹುದಾದ ಮನೆಮದ್ದುಗಳನ್ನು ಹೆಸರಿಸುತ್ತದೆ. ಅದರಲ್ಲಿ ಆಸ್ಪಿರಿನ್, ಪ್ಯಾರಾಸಿಟಮಾಲ್ ಇವೆ, ಔಡಲೆಣ್ಣೆಯೂ ಇದೆ! ಒಂದು ಷರತ್ತು: ಕಂಪನಿಯ ಪ್ಯಾಕೆಟ್ ಒಡೆಯದೆ ಮಾರಬೇಕು. ಕಿರಾಣಿ ಅಂಗಡಿಯ ಕತ್ತರಿಗೆ ಈ ಷರತ್ತು ಗೊತ್ತಿಲ್ಲ.

ಆಸ್ಪಿರಿನ್ ನೋವನ್ನು ಹೇಗೆ ತಗ್ಗಿಸುತ್ತದೆ ಎಂದು ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಬಾವು ತರುವ ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ಅದು ತಡೆಯುತ್ತದೆ. ಆದರೆ ಹೊಟ್ಟೆಯ ಒಳಪದರ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಹರಿಸುವುದೂ ಅದೇ ಪ್ರೊಸ್ಟಗ್ಲಾಂಡಿನ್. ಹಾಗಾಗಿ ಊಟವಾದ ಮೇಲೆ ನುಂಗಿದರೆ ಉರಿ ಕಡಿಮೆಯಾದೀತು, ಹುಣ್ಣಿನ ಭಯ ಪೂರ್ತಿ ಹೋಗದು. ಬಿಸಿಲಲ್ಲಿ ನೀರು ಕುಡಿಯದೆ ದುಡಿದವರಿಗೆ, ಬಿಪಿ ಗುಳಿಗೆ ತೆಗೆದುಕೊಳ್ಳುವವರಿಗೆ ಮೂತ್ರಪಿಂಡದ ಅಪಾಯ ಹೆಚ್ಚು.

1973ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ಇದೇ ಜಾತಿಯ ನೋವಿನ ಮದ್ದು ಡೈಕ್ಲೋಫೆನಾಕ್ ಹುಟ್ಟಿತು. ಭಾರತದಲ್ಲಿ ಅದು ವೊವೆರಾನ್ ಮುಂತಾದ ಹೆಸರುಗಳಲ್ಲಿ ಮನೆಮಾತಾಯಿತು, ದನಗಳ ಸೂಜಿಗೂ ಬಂತು. ಸೂಜಿ ಮಾಡಿದ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಲುಸಾಲಾಗಿ ಸತ್ತವು. 2004ರಲ್ಲಿ ಪಾಕಿಸ್ತಾನದ ಅಧ್ಯಯನವೊಂದು ಕಾರಣ ಬಯಲು ಮಾಡಿತು. 2006ರಲ್ಲಿ ಭಾರತ ದನಗಳಿಗೆ ಈ ಔಷಧ ನಿಷೇಧಿಸಿತು. ಆದರೂ ಜನರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಸರ್ಕಾರ ಅಂಥ ಸೀಸೆಯನ್ನು 3 ಮಿಲಿಲೀಟರಿಗೆ, ಒಂದೇ ಸೂಜಿಗಾಗುವಷ್ಟಕ್ಕೆ, ಇಳಿಸಿತು. ಅಷ್ಟರಲ್ಲಿ, 2012ರಲ್ಲೇ, ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಗಿತ್ತು.

ಹದ್ದಿನ ಮೂತ್ರಪಿಂಡಕ್ಕಾಗಿ ಸೀಸೆ ಚಿಕ್ಕದಾಯಿತು. ಮನುಷ್ಯರದಕ್ಕೆ ಕಾವಲು ಎಂದರೆ ವೈದ್ಯರ ಚೀಟಿ ಬೇಕೆಂದು ಸಾರುವ ಸ್ಟ್ರಿಪ್ಪಿನ ಕೆಂಪು ಗೆರೆ, ಅಷ್ಟೇ. ಎರಡೇ ಗುಳಿಗೆ ಕತ್ತರಿಸಿ ಕೊಟ್ಟರೆ ಔಷಧದ ಹೆಸರು ಅಂಗಡಿಯಲ್ಲೇ ಉಳಿಯುತ್ತದೆ. ಟೊಂಕಕ್ಕೆ ಡೈಕ್ಲೋಫೆನಾಕ್, ಮೊಣಕಾಲಿಗೆ ಅಸಿಕ್ಲೋಫೆನಾಕ್ ಬೇರೆ ಬೇರೆ ಕಡೆಯಿಂದ ತಂದವರು ಒಂದೇ ಜಾತಿಯ ಎರಡು ಗುಳಿಗೆ ನುಂಗಿರುತ್ತಾರೆ. ಆಮೇಲೆ ಮಲ ಡಾಂಬರಿನಂತೆ ಕಪ್ಪಾದರೆ ಅದು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವ ಲಕ್ಷಣ. ಗುಳಿಗೆ ನಿಲ್ಲಿಸಿ ಕೂಡಲೇ ದವಾಖಾನೆಗೆ ಹೋಗಬೇಕು, ಕತ್ತರಿಸಿದ ತುಂಡನ್ನೂ ಕೈಯಲ್ಲಿ ಹಿಡಿದು.